ಕೆಂಡದ ಮೇಜಿನ ಊಟ

ಮೊನ್ನೆ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ನಾನೊಂದು ದಪ್ಪ ಮೆಣಸಿನಕಾಯಿಯನ್ನು ಸುಟ್ಟೆ. ಸುಟ್ಟೆ ಎಂದರೆ, ಸುಟ್ಟು ಗೊಜ್ಜು ಮಾಡೋಣವೆಂದು ಗ್ಯಾಸ್ ಒಲೆಯ ಮೇಲಿಟ್ಟು, ಪೇಪರು ಓದಲು ಹೋಗಿ, ಮರೆತೆ. ಸುಡುವುದಕ್ಕೂ ಸುಟ್ಟುಹಾಕುವುದಕ್ಕೂ ನಡುವಿನ ಗೆರೆ ಎಷ್ಟು ಸಣ್ಣದು ಎನ್ನುವುದು ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ನನಗೆ ಇನ್ನೂ ತಿಳಿದಿಲ್ಲ. ಹೆಂಡತಿ ತಂಗಿಯ ಮನೆಗೆ ಹೋಗಿದ್ದಳು, ಹಾಗಾಗಿ ಬೈಯುವವರು ಯಾರೂ ಇರಲಿಲ್ಲ. ಕೆಮ್ಮುತ್ತ ಕಿಟಕಿ ತೆಗೆಯುವಾಗ ಇದ್ದಕ್ಕಿದ್ದಂತೆ ನಗು ಬಂತು. ಆ ವಾಸನೆ ನನಗೆ ಗೊತ್ತಿತ್ತು. ಅದು ನಮ್ಮ ಹೆಡ್‌ಮೇಷ್ಟ್ರ ವಾಸನೆ.

ತಾಳಿ, ತಪ್ಪು ತಿಳಿಯಬೇಡಿ. ನಮ್ಮ ಹೆಡ್‌ಮೇಷ್ಟ್ರು ಸುಬ್ಬರಾಯರು ದಿನಕ್ಕೆ ಎರಡು ಸಲ ಸ್ನಾನ ಮಾಡುವ, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಹೊಳೆನರಸೀಪುರದವರು. ಹೇಮಾವತಿಯ ನೀರು ಕುಡಿದು ಬೆಳೆದ ನಾಲಿಗೆ ಬೇರೆ ನೀರಿನ ಕಾಫಿಯನ್ನು ಒಪ್ಪುವುದಿಲ್ಲ ಎನ್ನುತ್ತಿದ್ದರು. ಎನ್ನುತ್ತಲೇ ದಿನಕ್ಕೆ ಐದು ಲೋಟ ಕುಡಿಯುತ್ತಿದ್ದರು, ಅದು ಬೇರೆ ಮಾತು. ಅರಕಲಗೂಡು ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರು, ನಾನು, ಕನ್ನಡ ಹೇಳಿಕೊಡುವ ವಿಮಲಾ ಮೇಡಂ ಒಟ್ಟಿಗೆ ಇದ್ದೆವು. ಮಕ್ಕಳಿಗೆ ಬಿಸಿಯೂಟ ಬೇಯಿಸುವವರು ಗೌರಮ್ಮ. ಅದೇ ಊರಿನ ಒಕ್ಕಲು ಮನೆಯ ಹೆಂಗಸು, ಗಟ್ಟಿ ಗಂಟಲು, ಇನ್ನೂ ಗಟ್ಟಿಯಾದ ಕೈ. ಒಂದೊಂದು ಕೈಯಲ್ಲಿ ಒಂದೊಂದು ಬಿಂದಿಗೆ ಹಿಡಿದುಕೊಂಡು ನಗುತ್ತ ಬರುತ್ತಿದ್ದರು.

ಮಕ್ಕಳಿಗೆ ಬಡಿಸುವ ಮೊದಲು ಮೇಷ್ಟ್ರುಗಳಲ್ಲಿ ಒಬ್ಬರು ರುಚಿ ನೋಡಬೇಕು. ಆ ಕೆಲಸವನ್ನು ಸುಬ್ಬರಾಯರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಂಗೈಗೆ ಎರಡು ಹನಿ ಸಾರು ಬಿಡಿಸಿಕೊಂಡು, ಕಣ್ಣು ಮುಚ್ಚಿ, ನಾಲಿಗೆಗೆ ತಾಗಿಸಿ, ತೀರ್ಪು ಕೊಡುತ್ತಿದ್ದರು. "ಉಪ್ಪು ಕಡಿಮೆ." "ಹುಳಿ ಹೆಚ್ಚು." ಚೆನ್ನಾಗಿದೆ ಎಂದದ್ದನ್ನು ನಾನಂತೂ ಕೇಳಿಲ್ಲ. ಗೌರಮ್ಮ ತಲೆ ಬಗ್ಗಿಸಿ ಕೇಳಿ, ಅವರು ಅತ್ತ ಹೋದ ಮೇಲೆ ಒಂದು ಕಾಳು ಉಪ್ಪನ್ನೂ ಸೇರಿಸದೆ ಬಡಿಸುತ್ತಿದ್ದರು. ಹೀಗೆ ಲೋಕ ಸುಖವಾಗಿ ನಡೆದಿತ್ತು.

ಒಂದು ಗುರುವಾರ ಮಾತ್ರ ಎಡವಟ್ಟಾಯಿತು. ಊಟಕ್ಕೆ ಕೂತ ನೂರಾ ಎಂಬತ್ತು ಮಕ್ಕಳ ಎದುರಿಗೇ ಹೆಡ್‌ಮೇಷ್ಟ್ರು, "ಏನು ಗೌರಮ್ಮ, ಇದು ಸಾರೋ, ಗೊರೂರು ಡ್ಯಾಮಿನ ನೀರೋ?" ಎಂದುಬಿಟ್ಟರು. ಮಕ್ಕಳು ಗೊಳ್ಳೆಂದು ನಕ್ಕವು. ನಾನೂ ನಕ್ಕೆ, ಒಪ್ಪಿಕೊಳ್ಳುತ್ತೇನೆ. ಗೌರಮ್ಮ ನಗಲಿಲ್ಲ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ಆಫೀಸ್ ರೂಮಿನ ಬಾಗಿಲಲ್ಲಿ ನಿಂತರು.

"ಸೋಮಾರದಿಂದ ನಾನ್ ಬರಾಕಿಲ್ಲ ಸಾ. ಸಾರ್ ಮಾಡಕ್ ಬರೋರ್ನ ನೋಡ್ಕಳಿ."

ಹೆಡ್‌ಮೇಷ್ಟ್ರು ಕನ್ನಡಕ ಒರೆಸಿದರು. ಗೌರಮ್ಮನ ಬದಲಿಗೆ ಬರುವವರು ಆ ಊರಲ್ಲಿ ಯಾರೂ ಇಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು. ಅವರು ಬರದ ದಿನ ಮಕ್ಕಳೂ ಅರ್ಧಕ್ಕರ್ಧ ಬರುತ್ತಿರಲಿಲ್ಲ.

ಆಗ ಮುಂದೆ ಬಂದವರು ವಿಮಲಾ ಮೇಡಂ. ಅವರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿತ್ತು. "ಹೋಗುವ ಮುಂಚೆ ನಿಮಗೆಲ್ಲ ಒಂದು ಊಟ ಹಾಕಿಸ್ತೀನಿ. ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಹಾಸನಕ್ಕೆ ಹೋಗೋಣ. ಗೌರಮ್ಮನೂ ಬರಬೇಕು, ಹೆಡ್‌ಮೇಷ್ಟ್ರೂ ಬರಬೇಕು. ಯಾರಾದ್ರೂ ಒಬ್ಬರು ತಪ್ಪಿಸಿದ್ರೆ ನಾನು ಅಳ್ತೀನಿ ನೋಡಿ," ಎಂದರು. ಅಳುವುದರಲ್ಲಿ ಅವರು ನಿಪುಣರು. ಇಬ್ಬರೂ ಒಪ್ಪಿದರು.

ಹಾಸನದಲ್ಲಿ ಹೊರಗೆ ತಿನ್ನುವುದೆಂದರೆ ತೊಂಬತ್ತರ ದಶಕದಲ್ಲಿ ಒಂದು ಮಸಾಲೆದೋಸೆ, ಒಂದು ಬೈಟು ಕಾಫಿ. ಆಮೇಲೆ ಗೋಬಿ ಮಂಚೂರಿಯ ಗಾಡಿ ಬಂತು. ಚೀನಾ ದೇಶ ನಮ್ಮೂರಿಗೆ ಬಂದದ್ದು ಆ ನಾಲ್ಕು ಚಕ್ರದ ಮೇಲೆಯೇ. ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಬಿ.ಎಂ. ರಸ್ತೆಯ ಒಂದು ಮಹಡಿಯ ಮೇಲೆ, ಬಾಗಿಲಲ್ಲಿ ಕೆಂಪು ಡ್ರ್ಯಾಗನ್ ಬಿಡಿಸಿದ ಹೋಟೆಲೊಂದು ತೆರೆಯಿತು. 'ಏಷ್ಯನ್ ಬಫೆ' ಎಂದು ಬೋರ್ಡು. ಒಮ್ಮೆ ಒಳಗೆ ಹೋದರೆ ಎಷ್ಟು ಬೇಕಾದರೂ ತಿನ್ನಬಹುದು ಎಂದಷ್ಟೇ ವಿಮಲಾ ಮೇಡಂಗೆ ಗೊತ್ತಿತ್ತು. ಅಷ್ಟು ಸಾಲದೇ?

ಬಸ್ಸಿನಲ್ಲಿ ಗೌರಮ್ಮ ಕಿಟಕಿಗೆ, ಹೆಡ್‌ಮೇಷ್ಟ್ರು ಇನ್ನೊಂದು ತುದಿಗೆ, ನಡುವೆ ಎರಡು ದೇಶದ ಗಡಿಯಂತೆ ವಿಮಲಾ ಮೇಡಂ. ನಾನು ಹಿಂದಿನ ಸೀಟಿನಿಂದ ಹವಾಮಾನದ ವಿಷಯ ಎತ್ತಿದೆ. ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಹೋಟೆಲಿನ ಒಳಗೆ ಥಂಡಿ. ಒಂದು ಮೇಜಿಗೆ ಕೂರಿಸಿದರು. ಮೇಜಿನ ನಡುವೆ ಚೌಕಾಕಾರದ ಗುಂಡಿ. ಇದೇನು ಕೈ ತೊಳೆಯುವುದಕ್ಕೋ ಎಂದು ನಾನು ಬಗ್ಗಿ ನೋಡುವಷ್ಟರಲ್ಲಿ ಮಾಣಿಯೊಬ್ಬ ಇಕ್ಕಳದಲ್ಲಿ ಒಂದು ತಟ್ಟೆ ಕೆಂಡ ತಂದು ಅದರೊಳಗೆ ಇಳಿಸಿದ. ಮೇಲೆ ಕಬ್ಬಿಣದ ಜಾಲರಿ ಹೊದಿಸಿದ. ಅತ್ತ ಉದ್ದನೆಯ ಕಟ್ಟೆಯ ಮೇಲೆ ಹೆಚ್ಚಿಟ್ಟ ಹಸಿ ತರಕಾರಿ, ಪನೀರು, ಅನಾನಸ್ಸು, ಬಾಟಲಿಗಳಲ್ಲಿ ಕಪ್ಪು, ಕೆಂಪು, ಹಸಿರು ರಸಗಳು. ಸಸ್ಯಾಹಾರಿಗಳಿಗೆ ಒಂದು ಕಟ್ಟೆ, ಮಾಂಸದವರಿಗೆ ಬೇರೊಂದು. ಶನಿವಾರವಾದ್ದರಿಂದ ಗೌರಮ್ಮ ಆ ಕಡೆ ತಿರುಗಿಯೂ ನೋಡಲಿಲ್ಲ. "ಶನಿವಾರ ನಾನ್ ಕವುಚು ಮುಟ್ಟಾಕಿಲ್ಲ," ಎಂದರು.

ಬೇಕಾದ್ದನ್ನು ಆರಿಸಿ ತಂದು ನಾವೇ ಬೇಯಿಸಿಕೊಳ್ಳಬೇಕು ಎಂದು ಮಾಣಿ ಕೈಸನ್ನೆಯಲ್ಲಿ ವಿವರಿಸಿದಾಗ ಗೌರಮ್ಮನ ಕಣ್ಣು ಇಷ್ಟಗಲವಾಯಿತು.

"ಅಯ್ಯೋ ಶಿವನೇ! ಬೇಯ್ಸೋ ಸಾವಾಸ ಬ್ಯಾಡ ಅಂತ ಬುಟ್ಟ್ ಬಂದ್ರೆ ಇಲ್ಲೂ ಒಲೇನೇ ತಂದ್ ಮುಂದಿಕ್ಕವ್ರಲ್ಲ ಮೇಡಮ್ಮಾರೆ! ಇದ್ಕಾ ಬಸ್ ಅತ್ಕಂಡ್ ಬಂದಿದ್ದು?" ಎಂದವರೇ ಎರಡೂ ಕೈ ಕಟ್ಟಿಕೊಂಡು ಕುರ್ಚಿಗೆ ಒರಗಿದರು. "ಇವತ್ತು ನಾನ್ ಕೈ ಆಕಾಕಿಲ್ಲ. ಬೇಯ್ಸೋರ್ ಬೇಯ್ಸಿ, ತಿಂತೀನಿ."

ವಿಮಲಾ ಮೇಡಂ ರೇಷ್ಮೆ ಸೀರೆಗೆ ಕಿಡಿ ಹಾರುತ್ತದೆಂದು ಹಿಂದೆ ಸರಿದರು. ನಾನು ಒಂದು ಅನಾನಸ್ಸಿನ ಹೋಳನ್ನು ಜಾಲರಿಯ ಮೇಲಿಟ್ಟೆ. ಅದು ಜಾರಿ ಕೆಂಡದೊಳಕ್ಕೆ ಬಿದ್ದು ಚುಂಯ್ ಎಂದು ಪ್ರಾಣ ಬಿಟ್ಟಿತು. ಆಗ ಸುಬ್ಬರಾಯರು ಎದ್ದರು. ಅಂಗಿಯ ತೋಳನ್ನು ಮೊಣಕೈತನಕ ಮಡಿಚಿದರು. "ಸರಿ, ನಾನೇ ಮಾಡ್ತೀನಿ. ಇದರಲ್ಲೇನು ಬ್ರಹ್ಮವಿದ್ಯೆ ಇದೆ?" ಎಂದರು. ಅವರು ಜನ್ಮದಲ್ಲಿ ಒಲೆ ಹಚ್ಚಿದವರಲ್ಲ ಎಂದು ಅವರ ಶ್ರೀಮತಿಯವರೇ ನನಗೆ ಹೇಳಿದ್ದರು.

ಪನೀರನ್ನೂ ದಪ್ಪ ಮೆಣಸಿನಕಾಯಿಯನ್ನೂ ಜಾಲರಿಯ ತುಂಬ ಹರಡಿದರು. ಹುಣಿಸೆ ರಸವೆಂದು ತಿಳಿದು ಸೋಯಾ ಸಾಸಿನ ಕಪ್ಪು ಬಾಟಲಿಯನ್ನು ಅರ್ಧ ಸುರಿದರು. ಬುಸ್ಸೆಂದು ಹೊಗೆ ಎದ್ದಿತು. ಕನ್ನಡಕದ ಮೇಲೆ ಮಸಿ. ಪಕ್ಕದ ಮೇಜಿನವರು ಎದ್ದು ನಿಂತರು. ಹೆಡ್‌ಮೇಷ್ಟ್ರು ಮಾತ್ರ ರಣರಂಗ ಬಿಡದೆ, ಕಪ್ಪಗಾದ ಒಂದು ತುಂಡನ್ನು ತಟ್ಟೆಗೆ ಹಾಕಿ, ಮೊದಲು ಗೌರಮ್ಮನ ಮುಂದೆ ಇಟ್ಟರು.

ಗೌರಮ್ಮ ಸೆಟೆದು ಕೂತರು. ಒಂದು ಚೂರನ್ನು ಮುರಿದು, ಕಣ್ಣು ಮುಚ್ಚಿ, ನಾಲಿಗೆಯ ತುದಿಗೆ ತಾಗಿಸಿದರು.

"ಉಪ್ಪು ಮುಂದಾಗದೆ ಸಾ."

ವಿಮಲಾ ಮೇಡಂ ನೀರಿನ ಲೋಟದೊಳಗೆ ಮುಖ ಮುಚ್ಚಿಕೊಂಡರು. ಸುಬ್ಬರಾಯರು ಮತ್ತೆ ಕಟ್ಟೆಗೆ ಹೋಗಿ ಇನ್ನೊಂದು ತಟ್ಟೆ ತಂದರು. ಈ ಸಲ ಕಪ್ಪು ರಸವಿಲ್ಲ.

"ಸಪ್ಪೆ ಕಣ್ ಸಾ. ಮೇಲೆ ಸೀದದೆ, ಒಳಗೆ ಅಸಿ."

ಮೂರನೆಯದು, ನಾಲ್ಕನೆಯದು. ಮೊದಲು ಹಟಕ್ಕೆ ನಿಂತಿದ್ದವರಿಗೆ ಆಮೇಲೆ ಹುಚ್ಚೇ ಹಿಡಿಯಿತು. ಕಟ್ಟೆಗೂ ಮೇಜಿಗೂ ಓಡಾಡಿದರು. ಹಣೆಯ ಗಂಧ ಬೆವರಿನಲ್ಲಿ ಇಳಿದು ಮೂಗಿಗೆ ಬಂತು. ಮಾಣಿಗಳೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ಪ್ರತಿ ತಟ್ಟೆಗೂ ಗೌರಮ್ಮನ ತೀರ್ಪು, ಪ್ರತಿ ತೀರ್ಪಿಗೂ ನಮ್ಮ ನಗು. ನನಗಂತೂ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಆರನೆಯ ತಟ್ಟೆಯ ಹೊತ್ತಿಗೆ ಸುಬ್ಬರಾಯರೇ ನಗುತ್ತಿದ್ದರು. ಮೂವತ್ತು ವರ್ಷದ ನೌಕರಿಯಲ್ಲಿ ಯಾರೂ ಕಾಣದ ಅವರ ಹಿಂದಿನ ಹಲ್ಲುಗಳನ್ನು ಅಂದು ಕಂಡೆವು.

ಕೊನೆಗೆ ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳಿದರು, "ನಾಲ್ಕು ಜನಕ್ಕೇ ನನ್ನ ಕೈಕಾಲು ಬಿದ್ದುಹೋಯ್ತು. ನೀವು ದಿನಾ ನೂರಾ ಎಂಬತ್ತು ಮಕ್ಕಳಿಗೆ..." ಆಮೇಲೆ, "ಗುರುವಾರ ಮಕ್ಕಳೆದುರಿಗೆ ನಾನು ಹಾಗೆ ಅನ್ನಬಾರದಿತ್ತು. ತಪ್ಪಾಯ್ತು ಗೌರಮ್ಮ."

'ನೀನು' ಎಂದೇ ಕರೆಯುತ್ತಿದ್ದವರು 'ನೀವು' ಎಂದದ್ದನ್ನು ನಾನು ಗಮನಿಸಿದೆ. ಗೌರಮ್ಮನೂ ಗಮನಿಸಿರಬೇಕು. ಸೆರಗಿನಿಂದ ಒಮ್ಮೆ ಮೂಗು ಒರೆಸಿಕೊಂಡರು. ಹೊಗೆಗೆ ಎಂದುಕೊಳ್ಳೋಣ. ಮರುಕ್ಷಣ ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತರು.

"ಸರ್ಕಳಿ ಸಾ ಅತ್ಲಾಗೆ. ಕೆಂಡ ಅಂಗ್ ನಿಗಿನಿಗಿ ಅಂತಿರುವಾಗ ಇಕ್ಕುದ್ರೆ ಸೀಯದೆ ಇನ್ನೇನಾದದು? ಉರಿ ತಣೀಲಿ. ಮ್ಯಾಲೆ ಬೂದಿ ಕಟ್ಲಿ. ಆಮ್ಯಾಕೆ ನೋಡಿ."

ನೋಡಿದೆವು. ಕೆಂಡವನ್ನು ಒಂದು ಬದಿಗೆ ಒತ್ತರಿಸಿದರು, ಅನಾನಸ್ಸಿಗೆ ಉಪ್ಪು ಖಾರ ಸವರಿದರು, ತಿರುವಿ ತಿರುವಿ ಇಟ್ಟರು. ಆ ಹೋಳನ್ನು ಬಾಯಿಗೆ ಹಾಕಿಕೊಂಡಾಗ ವಿಮಲಾ ಮೇಡಂ ನಿಜಕ್ಕೂ ಅತ್ತರು. ಪಕ್ಕದ ಮೇಜಿನವರು ತಮ್ಮ ತಟ್ಟೆಯನ್ನೇ ತಂದು ನಮ್ಮ ಮುಂದೆ ಹಿಡಿದರು. ಸುಬ್ಬರಾಯರು ಕಣ್ಣು ಮುಚ್ಚಿಕೊಂಡು ತಿಂದರು, ತಟ್ಟೆ ಮತ್ತೆ ಮುಂದೆ ಚಾಚಿದರು. ಮೂರು ಸಲ.

"ಎಷ್ಟ್ ಸಲ ಇಕ್ಕುಸ್ಕಂಡ್ರೂ ಇಲ್ಲಿ ಯಾರೂ ಏನೂ ಅನ್ನಾಕಿಲ್ವಾ?" ಎಂದು ಐಸ್‌ಕ್ರೀಮಿನ ಬಳಿ ಗೌರಮ್ಮ ನನ್ನ ಕಿವಿಯಲ್ಲಿ ಕೇಳಿದರು. ಅನ್ನುವುದಿಲ್ಲ ಎಂದೆ. ಐದು ಬಟ್ಟಲು ತಿಂದರು. ನಾನು ಆರು.

ಸೋಮವಾರ ಹತ್ತು ಗಂಟೆಗೆ ಶಾಲೆಯ ಹಿಂದೆ ಹೊಗೆ ಕಾಣಿಸಿತು. ಒಳಗಿಂದ ಗೌರಮ್ಮನ ಗಂಟಲು ಕೇಳಿತು, "ಉಳ್ಳೀಕಾಯ್ ಇಂಗಾ ಸಾ ಮುರ್ಯೋದು? ಓಗಿ ಪಾಠ ಮಾಡೋಗಿ!" ಹೆಡ್‌ಮೇಷ್ಟ್ರು ಹುರುಳಿಕಾಯಿಯ ನಾರು ಅಂಟಿದ ಕೈ ಒರೆಸಿಕೊಳ್ಳುತ್ತ ಹೊರಬಂದರು. ಆಮೇಲೂ ರುಚಿ ನೋಡಿದರು, ತಪ್ಪೂ ಹೇಳಿದರು, ಆದರೆ ಒಳಗೆ ಹೋಗಿ, ಮೆಲ್ಲಗೆ. ಗೌರಮ್ಮ ಇನ್ನೂ ಎಂಟು ವರ್ಷ ಬೇಯಿಸಿದರು. ಡ್ರ್ಯಾಗನ್ ಹೋಟೆಲು ವರ್ಷದೊಳಗೇ ಮುಚ್ಚಿತು. ಸುಬ್ಬರಾಯರು ನಿವೃತ್ತರಾಗಿ ಹೊಳೆನರಸೀಪುರದಲ್ಲಿದ್ದಾರೆ. ಭಾನುವಾರ ಅಡುಗೆ ಅವರದ್ದೇ. ಗ್ಯಾಸ್ ಒಲೆಯ ಮುಂದೆಯೂ ಬೂದಿ ಕಟ್ಟಲಿ ಎಂದು ಕಾಯುತ್ತಾರೆಂದು ಅವರ ಶ್ರೀಮತಿಯವರ ದೂರು.

ಮೊನ್ನೆ ಬೆಳಿಗ್ಗೆ ಹೊಗೆ ಹೋಗಲೆಂದು ಕಿಟಕಿಯ ಬಳಿ ನಿಂತಿದ್ದಾಗ ಒಂದು ವಿಷಯ ಹೊಳೆಯಿತು. ಅಷ್ಟು ವರ್ಷ ದಿನವೂ ಒಂದೂವರೆಗೆ ಗೌರಮ್ಮ ನನ್ನನ್ನು "ಊಟ ಆಯ್ತಾ ಸಾ?" ಎಂದು ಕೇಳಿದ್ದಾರೆ. ನಾನು ಒಮ್ಮೆಯೂ ತಿರುಗಿ ಕೇಳಿಲ್ಲ. ಅಡುಗೆ ಮಾಡುವವರಿಗೆ ಊಟ ಆಗಿಯೇ ಇರುತ್ತದೆ ಎಂದು ನಾವು ನಂಬಿಬಿಟ್ಟಿರುತ್ತೇವೆ. ನಂಬರು ಹುಡುಕಿ ಫೋನು ಮಾಡಿದೆ.

"ಯಾರು? ಲೆಕ್ಕದ್ ಮೇಷ್ಟ್ರಾ? ಏನ್ ಸಾ, ಇದ್ಕಿದ್ದಂಗೆ?"

"ಏನಿಲ್ಲ ಗೌರಮ್ಮ. ಊಟ ಆಯ್ತಾ?"

ಆ ಕಡೆಯಿಂದ ಬಂತು ನೋಡಿ ನಗು, ಮೊಬೈಲನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

"ಇನ್ನೂ ಒಂಬತ್ ಗಂಟೆ ಕಣ್ ಸಾ!"