ಮುಂದಿನ ಕಂತಿನ ಮೀಸೆ

ತಾವರಗೇರಾದಲ್ಲಿ ಹಿಟ್ಟಿನ ಗಿರಣಿ ನಡೆಸುವ ಮಾರೆಪ್ಪ ಮಹಾರಾಜರ ಮೀಸೆಗೆ ಈಗ ಇಪ್ಪತ್ತು ವರ್ಷ. ಟೀವಿಯ ಹಾಡಿನ ಧಾರಾವಾಹಿಯೊಂದರಲ್ಲಿ ಅವರು ರಾಜನಾಗಿದ್ದರು. ಮೂರನೆಯ ಕಂತಿನ ಕೊನೆಗೆ ಹಾಡಲು ಬಾಯಿ ತೆರೆದರು, ನೋಡುವವರಿಲ್ಲದೆ ನಾಲ್ಕನೆಯದು ಬರಲೇ ಇಲ್ಲ. "ಮತ್ತೆ ಕರೆಯುವವರೆಗೆ ಮೀಸೆ ಹೀಗೇ ಇರಲಿ" ಎಂದಿದ್ದ ನಿರ್ದೇಶಕರ ಅಪ್ಪಣೆಯನ್ನು ಮಹಾರಾಜರು ಇಂದಿಗೂ ಮೀರಿಲ್ಲ. ಜೋಳ ತಂದವರು "ಮೀಸಿ ಬೆಳ್ಳಗಾತಲ್ರಿ ರಾಜರ, ಹಾಡು ಯಾವಾಗ?" ಎಂದು ಕಾಡಿದರೆ, "ಅದು ಹಿಟ್ಟು. ಹಾಡು ಮುಂದಿನ ವಾರ" ಎನ್ನುತ್ತಾರೆ. "ಕರಿಯಾವ್ರು ಎಲ್ಲಿ ಹೋದ್ರೋ ಏನೋ, ತಗಸ್ರಿ ಆ ಮೀಸಿನ!" ಎಂದು ಹೆಂಡತಿ ಹುಲಿಗವ್ವ ವಾರವೆಲ್ಲ ಬೈಯುತ್ತಾಳೆ. ಆದರೆ ರವಿವಾರ ಬಂತೆಂದರೆ ಶೂಟಿಂಗಿನ ಹಳೆಯ ಫೋಟೊ ಎದುರಿಗಿಟ್ಟುಕೊಂಡು, ಆ ಮೀಸೆಯನ್ನು ಅದೇ ಅಳತೆಗೆ ಕತ್ತರಿಸಿ ಕಪ್ಪು ಹಚ್ಚುವವಳು ಅವಳೇ: "ಅಲಗಾಡಬ್ಯಾಡ್ರಿ. ನಾಳೆ ಕರದ್ರ ಫರಕ ಕಾಣಬಾರದು."