ಹೊರಸಿನಷ್ಟು ಜಾಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ವಿಮಾನ ಹತ್ತಿದ್ದು ಗೊಬ್ಬರದ ಪುಣ್ಯದಿಂದ. ಮಾನ್ವಿಯಲ್ಲಿ ನಮ್ಮ ಯಜಮಾನರದು ರಸಗೊಬ್ಬರದ ಅಂಗಡಿ. ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿಯವರು ಹೆಂಡತಿ ಸಮೇತ ಫಾರಿನ್ನಿಗೆ ಕರೆದೊಯ್ಯುವ ರೂಢಿ ನಮ್ಮ ಕಡೆ ಉಂಟು. ದೇಶ ಸುತ್ತು, ಕೋಶ ಓದು ಅಂತಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತ ಕೋಶವನ್ನೇನೋ ನಾನೇ ಓದಿಕೊಂಡೆ, ದೇಶ ಸುತ್ತಿಸಿದ್ದು ಮಾತ್ರ ಚೀಲದೊಳಗಿನ ಬಿಳಿ ಹರಳು.

ರಾಯಚೂರಿನಿಂದ ಬಸ್ಸಿನಲ್ಲಿ ಹೈದರಾಬಾದಿಗೆ, ಅಲ್ಲಿಂದ ವಿಯೆಟ್ನಾಮಿಗೆ. ಪೆಟ್ಟಿಗೆಯಲ್ಲಿ ಅರ್ಧ ಬಟ್ಟೆ, ಅರ್ಧ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿ. ಹನೋಯಿಯಲ್ಲಿ ಮೊದಲು ಕಲಿತದ್ದು ರಸ್ತೆ ದಾಟುವುದನ್ನು. ಅಲ್ಲಿ ಸ್ಕೂಟರುಗಳು ನಿಲ್ಲುವುದಿಲ್ಲ. ನಾವು ಹೆದರದೆ, ಓಡದೆ, ಒಂದೇ ಸಮನೆ ನಡೆದರೆ ಅವೇ ನಮ್ಮನ್ನು ಬಳಸಿಕೊಂಡು ಹೋಗುತ್ತವೆ. ಮಾನ್ವಿ ಬಸ್‌ಸ್ಟ್ಯಾಂಡಿನ ಮುಂದೆ ಬದುಕಿ ಬಂದ ನಾನೂ ಎರಡು ಸಲ ರಸ್ತೆಗಿಳಿದು ಎರಡು ಸಲ ಹಿಂದಕ್ಕೆ ಬಂದೆ. ಯಜಮಾನರು ನನ್ನ ಕೈ ಹಿಡಿದುಕೊಂಡರು. ಮದುವೆಯಾದ ಮೇಲೆ ಬಜಾರಿನಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ದಾಟಿದ ಕೂಡಲೇ ಬಿಟ್ಟರು ಅನ್ನುವುದನ್ನೂ ಹೇಳಬೇಕು.

ಅಂಗಡಿ ಅಂಗಡಿಯಲ್ಲೂ ನೆಲದ ಹತ್ತಿರ ಒಂದು ಪುಟ್ಟ ಗೂಡು, ಊದುಬತ್ತಿ, ಹಣ್ಣು. ಒಂದು ಚಹಾದಂಗಡಿಯಲ್ಲಿ ಗೋಡೆಯ ಮೇಲಿನ ಅಜ್ಜನ ಫೋಟೋ ಮುಂದೆ ಸಿಗರೇಟು, ಒಂದು ಲೋಟ ಕಾಫಿ. ಯಾಕೆಂದು ನಾನು ಕೇಳಲಿಲ್ಲ. ಹಿರಿಯರ ಹಬ್ಬದಲ್ಲಿ ನಮ್ಮ ಮಾವನವರ ಎಡೆಗೆ ನಾನೇ ಬೀಡಿ ಕಟ್ಟು ಇಡುತ್ತೇನಲ್ಲ. ನಾವು ವರ್ಷಕ್ಕೊಮ್ಮೆ ಮಾಡುವುದನ್ನು ಇವರು ದಿನಾ ಮಾಡುತ್ತಾರೆ, ಅಷ್ಟೇ. ಪರದೇಶ ಅಂದರೆ ಏನೋ ಅಂದುಕೊಂಡಿದ್ದೆ, ಇದು ನಮ್ಮದೇ ಓಣಿ ಅನ್ನಿಸಿತು.

ಮೂರನೆಯ ದಿನ ಹಳ್ಳಿಗಾಡಿನ ಕಡೆ ಹೊರಟೆವು. ಎರಡೂ ಕಡೆ ಭತ್ತದ ಗದ್ದೆ, ನಾಟಿಯ ಕಾಲ. ಬಸ್ಸಿನಲ್ಲಿದ್ದ ಗೊಬ್ಬರದಂಗಡಿಯವರೆಲ್ಲ ಕಿಟಕಿಗೆ ಮೂಗು ಹಚ್ಚಿ ಬೆಳೆಯ ಬಣ್ಣದ ಮೇಲೆ ಯಾವ ಗೊಬ್ಬರ ಕಡಿಮೆಯಾಗಿದೆ ಎಂದು ವಾದಕ್ಕೆ ಬಿದ್ದರು. ದೇಶ ಸುತ್ತಲು ಹೋದರೂ ಸುಂಕದವನಿಗೆ ಸುಂಕದ್ದೇ ಚಿಂತೆ! ಆಗ ಕಂಡವು ಗೋರಿಗಳು. ನಡುಗದ್ದೆಯಲ್ಲಿ, ನೀರಿನ ಮಧ್ಯೆ, ಸುಣ್ಣ ಬಳಿದ ಪುಟ್ಟ ಗೋರಿಗಳು. ಹೆಂಗಸರು ಬಗ್ಗಿ ಸಸಿ ಹಚ್ಚುತ್ತ ಬಂದು, ಗೋರಿ ಸಿಕ್ಕಲ್ಲಿ ಬಳಸಿಕೊಂಡು ಮುಂದೆ ಹೋಗುತ್ತಿದ್ದರು.

ಯಜಮಾನರು ವಾದ ನಿಲ್ಲಿಸಿದರು. ಅಷ್ಟು ಜಾಗ ಬಿಟ್ಟರೆ ಬೆಳೆ ಹೋಗುವುದಿಲ್ಲವೇ ಎಂದು ಗೈಡ್ ಹುಡುಗಿಯನ್ನು ಕೇಳಲು ನನಗೆ ಹೇಳಿದರು. ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಅವರು ಜೀವನವಿಡೀ ಇದೇ ಗದ್ದೆಯಲ್ಲಿ ದುಡಿದವರು, ಈಗ ಎಲ್ಲಿಗೆ ಕಳಿಸುವುದು ಎಂದಳು ಆ ಹುಡುಗಿ. ನಾನು ಕನ್ನಡಕ್ಕೆ ತಂದು ಹೇಳಿದೆ. ಯಜಮಾನರು ಕಿಟಕಿಯ ಕಡೆ ತಿರುಗಿ ಕೂತುಬಿಟ್ಟರು. ಅವತ್ತು ಸಂಜೆ ರೊಟ್ಟಿಯನ್ನೂ ಮುಟ್ಟಲಿಲ್ಲ.

ಇದಕ್ಕೆ ಕಾರಣವಿದೆ, ಅದರಲ್ಲಿ ನನ್ನ ಪಾಲೂ ಇದೆ. ದೇವದುರ್ಗ ತಾಲೂಕಿನಲ್ಲಿ, ಗೂಗಲ್ ಎಂಬ ಊರಿನ ಹತ್ತಿರ, ನಮ್ಮ ಹೊಲ. ನಮ್ಮ ಕಡೆ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುವವರು ಬಹಳ. ನಮ್ಮತ್ತೆಯೂ ಅಲ್ಲೇ ಇದ್ದರು, ಒಂದು ಗುಂಪಿ ಮಣ್ಣು, ತಲೆಗೊಂದು ಕಲ್ಲು. ಜೋಳ ಬೆಳೆಯುವಾಗ ಅದು ಯಾರಿಗೂ ಅಡ್ಡಿಯಾಗಿರಲಿಲ್ಲ. ಕಾಲುವೆ ನೀರು ಬಂದು ಭತ್ತ ಹಚ್ಚಬೇಕೆಂದಾಗ ನೆಲ ಸಮ ಮಾಡಿಸುವ ಮಾತು ಬಂತು. ದಿಬ್ಬವಿದ್ದರೆ ನೀರು ಸಮ ನಿಲ್ಲುವುದಿಲ್ಲ, ಗದ್ದೆ ಮಾಡುವುದಾದರೆ ಪೂರ್ತಿ ಮಾಡಿಸಿರಿ ಎಂದವಳು ನಾನೇ. ಟ್ರ್ಯಾಕ್ಟರಿನವನು ಕಲ್ಲನ್ನು ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದ. ಅಂಗಡಿಯಲ್ಲಿ ಗಿರಾಕಿಗಳ ಗದ್ದಲ. ಸದ್ಯಕ್ಕೆ ಬದುವಿನ ಮೇಲಿಡು, ಆಮೇಲೆ ನೋಡೋಣ ಎಂದರು ಇವರು. ಆ ಆಮೇಲೆ ಆರು ವರ್ಷವಾದರೂ ಬರಲಿಲ್ಲ.

ಗೋರಿ ಕಂಡ ಮರುದಿನ ಹೋಟೆಲಿನಲ್ಲಿ ಚಹಾದ ಮುಂದೆ ಕೂತಾಗ ಕೇಳಿದರು, "ಅವ್ವನ ಕಲ್ಲು ಎಲ್ಲಿ ಅದ, ನಿನಗ ಗೊತ್ತದ ಏನು?"

ಗೊತ್ತಿತ್ತು. ಕಾಲುವೆಯ ತೂಬಿನ ಹತ್ತಿರ, ಅದರ ಮೇಲೆ ನಿಂತು ಎಲ್ಲರೂ ಕಾಲು ತೊಳೆಯುತ್ತಾರೆ. ನಾನೂ ತೊಳೆದಿದ್ದೆ. ಹೇಳಿದೆ.

"ಕಲ್ಲೇನೋ ಸಿಕ್ಕೀತು," ಎಂದರು. "ಜಾಗ ಹೆಂಗ ಸಿಗಬೇಕು?"

ಮುಂದಿನ ಎರಡು ದಿನ ಗುಡಿ ನೋಡಿದೆವು, ದೋಣಿ ಹತ್ತಿದೆವು, ಫೋಟೋಕ್ಕೆ ಹಲ್ಲು ಕಿರಿದೆವು. ಯಾವುದೂ ನೆನಪಿಲ್ಲ. ನನ್ನ ತಲೆಯಲ್ಲಿ ಒಂದೇ ಲೆಕ್ಕ: ಹೊಲದ ಬೇವಿನ ಮರದಿಂದ ಆ ಜಾಗ ಎಷ್ಟು ಹೆಜ್ಜೆ ಇತ್ತು? ಬೇವಿನ ಮರವನ್ನೂ ಆಗಲೇ ಕಡಿಸಿದ್ದೆವಲ್ಲ ಎಂಬುದು ಆಮೇಲೆ ಹೊಳೆಯಿತು.

ಊರು ಮುಟ್ಟಿದ ಮರುದಿನವೇ ಹೊಲಕ್ಕೆ ಹೋದೆವು. ಬೇಸಿಗೆ ಬೆಳೆಯ ನಾಟಿ ನಡೆದಿತ್ತು. ಯಜಮಾನರು ತೂಬಿನ ಹತ್ತಿರದ ಕಲ್ಲನ್ನು ಎತ್ತಿ, ಕೆಸರು ತೊಳೆದು, ಎದೆಗವಚಿಕೊಂಡು ಬದುವಿನ ಮೇಲೆ ನಿಂತರು. ಎಲ್ಲಿ ಇಡುವುದು? ಕಣ್ಣು ಹಾಯುವವರೆಗೂ ಒಂದೇ ಸಮ ನೀರು.

ನಾಟಿಯ ಹೆಂಗಸರ ಮುಂದಾಳು ಹನುಮವ್ವ, ನಮ್ಮತ್ತೆಯ ಜೊತೆ ಕಳೆ ತೆಗೆದ ಮುದುಕಿ. ಕಲ್ಲು ನೋಡಿದಳು, ಇವರ ಮುಖ ನೋಡಿದಳು. ಏನೂ ಕೇಳದೆ ನೀರಿನಲ್ಲಿ ನಡೆದು ಹೋಗಿ ಒಂದು ಕಡೆ ನಿಂತಳು. ಅವಳ ಮುಂದೆ ಒಬ್ಬರು ಮಲಗುವ ಹೊರಸಿನಷ್ಟು ಜಾಗದಲ್ಲಿ ಒಂದೂ ಸಸಿ ಇರಲಿಲ್ಲ. ಸುತ್ತಲೂ ಹಚ್ಚಿದ್ದರು.

ಆ ಜಾಗ ನಮಗೆ ಹೊಸದಲ್ಲ. ಪ್ರತಿ ಬೆಳೆಯಲ್ಲೂ ಬದುವಿನ ಮೇಲಿಂದ ಅದು ಬೋಳಾಗಿ ಕಾಣುತ್ತಿತ್ತು. ಸವಳು ಭೂಮಿ, ಪೈರು ಏಳುತ್ತಿಲ್ಲ ಎಂದು ಯಜಮಾನರು ನಿರ್ಣಯಿಸಿದ್ದರು. ಒಂದು ವರ್ಷ ಜಿಪ್ಸಮ್ ಹಾಕಿಸಿದರು, ಮರುವರ್ಷ ಜಿಂಕ್. ಸೀಮೆಗೆಲ್ಲ ಮಣ್ಣಿನ ಔಷಧಿ ಹೇಳುವ ಮನುಷ್ಯ ಆರು ವರ್ಷ ತನ್ನ ತಾಯಿಯ ಎದೆಗೆ ಗೊಬ್ಬರ ಸುರಿಸಿದ್ದರು. ಪಕ್ಕದಲ್ಲಿ ನಿಂತು, ಇನ್ನೊಂದು ಚೀಲ ಹಾಕಿಸಿ ನೋಡಿರಿ ಎಂದ ಜಾಣೆ ನಾನು.

"ನಾವು ಇಲ್ಲಿ ಹಚ್ಚಂಗಿಲ್ರೀ ಯಪ್ಪಾ," ಎಂದಳು ಹನುಮವ್ವ. "ಅಕಿ ಮಲ್ಕೊಂಡಾಳ. ಎದಿ ಮ್ಯಾಲೆ ಹೆಂಗ ಕಾಲಿಡೂದು?"

"ಮತ್ತ ನನಗ್ಯಾಕ ಹೇಳಲಿಲ್ಲ ಯವ್ವಾ?" ಎಂದರು ಇವರು, ಕಲ್ಲನ್ನು ಇನ್ನೂ ಎದೆಗವಚಿಕೊಂಡೇ.

"ನೀವು ತೆಗಿಸಿದ್ರಿ. ಮಾಲಕರಿಗೆ ನಾವೇನಂತ ಹೇಳೂದು? ಬಿಡೂದಷ್ಟ ನಮ್ಮ ಕೈಯಾಗಿತ್ತು, ಬಿಟ್ವಿ."

ಯಜಮಾನರು ಚಪ್ಪಲಿ ಬಿಟ್ಟು ನೀರಿಗಿಳಿದು ಕಲ್ಲು ನಿಲ್ಲಿಸಿದರು. ಎರಡು ಸಲ ವಾಲಿತು. ಮೂರನೆಯ ಸಲ ಹನುಮವ್ವ ಬುಡಕ್ಕೆ ಕೆಸರು ಒತ್ತಿ ಕೊಟ್ಟಳು. ನಾನು ಬದುವಿನ ಮೇಲೆ ನಿಂತು ಅತ್ತುಬಿಟ್ಟೆ, ಮುಚ್ಚಿಡಲು ಹೋಗಲಿಲ್ಲ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ನಾವು ಊರಲ್ಲ, ಸಮುದ್ರವನ್ನೇ ದಾಟಿ ಹುಡುಕಿದೆವು. ಈ ವರ್ಷವೂ ಕಂಪನಿಯವರು ಟೂರಿಗೆ ಕರೆದಿದ್ದಾರೆ, ಯಾವ ದೇಶವೋ ನಾನು ಕೇಳಿಲ್ಲ. ನಾಟಿ ಶುರುವಾದರೆ ತಿಳಿಸು ಎಂದು ಹನುಮವ್ವನಿಗೆ ಹೇಳಿದ್ದೇನೆ. ಅವಳ ಹಿಂದೆ ಸಾಲು ಹಿಡಿದು, ಅತ್ತೆಯನ್ನು ಬಳಸಿಕೊಂಡು ಹೋಗುವುದನ್ನು ನಾನಿನ್ನೂ ಕಲಿಯಬೇಕು.