ಗೀಚಕ್ಕನ ಕಾರ್ಬನ್ ಹಾಳೆ

ಗೀಚಕ್ಕನ ಮುಂದೆ ಕೆಮ್ಮಬೇಡಿ, ಕೆಮ್ಮಿದ್ದನ್ನೂ ಬರೆದುಕೊಳ್ಳುತ್ತಾಳೆ ಎಂದು ಕ್ವಾರ್ಟರ್ಸಿನ ಹೆಂಗಸರು ಹೇಳುತ್ತಿದ್ದರು. ಬರೆದುಕೊಂಡು ಯಾರಿಗೆ ಕೊಡುತ್ತಾಳೆ ಎನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಕೆಳಗಿನ ಮನೆಯವಳ ಪ್ರಕಾರ ಕಚೇರಿಯ ಸಾಹೇಬರಿಗೆ, ಎದುರು ಮನೆಯವಳ ಪ್ರಕಾರ ಅವಳ ಅಣ್ಣನಿಗೆ. ಅವಳು ಮೆಟ್ಟಿಲಿಳಿಯುವ ಸದ್ದು ಕೇಳಿದರೆ ಸಾಕು, ನಲ್ಲಿಯ ಹತ್ತಿರದ ಮಾತೆಲ್ಲ ತರಕಾರಿ ಬೆಲೆಗೆ ತಿರುಗುತ್ತಿತ್ತು.

"ಬೀನ್ಸು ಇಳೀತಂತೆ ಅಲ್ವಾ?" ಎಂದು ಅವಳೇ ಕೇಳಿ ನಗುತ್ತಿದ್ದಳು. ಅವರು ನಗುತ್ತಿರಲಿಲ್ಲ.

ಅವಳು ನೀರು ಸರಬರಾಜು ಕಚೇರಿಯ ಶೀಘ್ರಲಿಪಿಗಾರ್ತಿ. ಗಂಡ ತೀರಿಕೊಂಡ ಮೇಲೆ ಆ ಗೀಚುವ ವಿದ್ಯೆಯೇ ಅವಳಿಗೆ ಕೆಲಸವನ್ನೂ ಎರಡು ಕೋಣೆಯ ಮನೆಯನ್ನೂ ಕೊಟ್ಟಿತ್ತು. ಹದಿನಾರು ವರ್ಷ ಅಲ್ಲೇ ಇದ್ದಳು. ಅವಳ ಅಣ್ಣನೂ ಅದೇ ಇಲಾಖೆಯವನು. ಪಂಪ್‌ಹೌಸಿನಲ್ಲಿ ವಾಲ್ವ್ ತಿರುಗಿಸುವ ಕೆಲಸ, ಜೊತೆಗೆ ನೌಕರರ ಸಂಘದ ಕಾರ್ಯದರ್ಶಿ. ಸಾಹೇಬರೂ ಸಂಘದವರೂ ಎದುರುಬದುರು ಕೂತಾಗ ನಡುವೆ ನೋಟ್‌ಬುಕ್ಕು ಹಿಡಿದು ಕೂರುವವಳು ಗೀಚಕ್ಕ. ಹೀಗಿರುವಾಗ ಅನುಮಾನ ಬರದೆ ಇನ್ನೇನು ಬಂದೀತು?

ಹದಿನಾರನೆಯ ವರ್ಷ ಮುದಿ ವಾಲ್ವ್‌ಮನ್ ಒಬ್ಬ ಒಂಟಿ ಪಾಳಿಯಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡ. ಬೆಳಗಿನ ಪಾಳಿಯವನು ಬರುವ ತನಕ ಅವನ ಕೂಗು ಕೇಳುವವರಿರಲಿಲ್ಲ. ಪ್ರತಿ ಪಾಳಿಗೂ ಇಬ್ಬರು ಬೇಕು ಎಂದು ಸಂಘ ಹಟ ಹಿಡಿಯಿತು. ಒಬ್ಬನೇ ಸಾಕು ಎಂದು ಕಚೇರಿಯೂ ಪಟ್ಟು ಬಿಡಲಿಲ್ಲ. ಮಾತುಕತೆ ಮೂರು ತಿಂಗಳು ನಡೆಯಿತು. ನಡೆಯಿತು ಅಂದರೆ ಹೇಗೆ? ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಎಲ್ಲರೂ ಗೀಚಕ್ಕನ ಕಡೆಗೇ ತಿರುಗಿ ಮಾತಾಡುತ್ತಿದ್ದರು.

"ಬರ್ಕೊಳ್ಳಮ್ಮ, ಇದಕ್ಕೆ ಒಪ್ಪಿಗೆ ಇಲ್ಲ" ಎಂದು ಸಾಹೇಬರು.

"ಬರ್ಕೋ, ಇದು ದಬ್ಬಾಳಿಕೆ" ಎಂದು ಅಣ್ಣ.

ಇನ್ನು ಹತ್ತು ದಿನಕ್ಕೆ ಪಂಪು ನಿಲ್ಲಿಸುತ್ತೇವೆ ಎಂದು ಸಂಘ ನೋಟಿಸು ಕೊಟ್ಟಿತು.

ಗೀಚಕ್ಕನಿಗೆ ಒಂದು ಚಾಳಿ ಇತ್ತು, ಜಿಪುಣತನದ ಚಾಳಿ. ಕಚೇರಿಯ ಟಿಪ್ಪಣಿಗಳು ಚಿಕ್ಕವು. ಕಾರ್ಬನ್ ಹಾಳೆಯ ಮೇಲಿನ ಅರ್ಧವಷ್ಟೇ ಸವೆಯುತ್ತಿತ್ತು. ಅದನ್ನು ಎಸೆಯಲು ಮನಸ್ಸಾಗದೆ ಮನೆಗೆ ತಂದು, ಅಣ್ಣನ ಸಂಘದ ಪತ್ರಗಳನ್ನು ತನ್ನ ಹಳೆಯ ಟೈಪ್‌ರೈಟರಿನಲ್ಲಿ ಕೆಳಗಿನ ಅರ್ಧ ಇಟ್ಟು ಹೊಡೆದುಕೊಡುತ್ತಿದ್ದಳು. ಮರುದಿನ ಹಾಳೆ ವಾಪಸು ಕಚೇರಿಯ ಕಸದ ಬುಟ್ಟಿಗೆ.

ಒಂದು ಸಂಜೆ ಅಡುಗೆ ಕೋಣೆಯಿಂದ ಈಚೆ ಬಂದರೆ, ಅಣ್ಣ ಕಿಟಕಿಯ ಬೆಳಕಿಗೆ ಕಾರ್ಬನ್ ಹಿಡಿದು, ಅದರಲ್ಲಿ ಉಳಿದ ಅಕ್ಷರಗಳ ಅಚ್ಚನ್ನು ಕಣ್ಣು ಕಿರಿದು ಮಾಡಿ ಓದುತ್ತ ನಿಂತಿದ್ದ. ಅವನ ಹೆಬ್ಬೆರಳು ನೀಲಿಯಾಗಿತ್ತು.

"ಎಷ್ಟು ದಿನದಿಂದ ನಡೀತಿದೆ ಇದು?"

"ಓದಿದ್ದು ಓದಿದೆ, ಆದ್ರೆ ನಂಬಿಲ್ಲ ಬಿಡು" ಎಂದ ಅಣ್ಣ. "ರಾತ್ರಿ ಪಾಳಿಗೆ ಇಬ್ಬರನ್ನ ಕೊಡೋಕೆ ತಯಾರಂತೆ ನಿಮ್ಮ ಸಾಹೇಬರು. ನಮ್ಮ ಕೈಗೆ ಸಿಗಲಿ ಅಂತಲೇ ಬಿಟ್ಟಿರೋ ಗಾಳ ಅದು. ನಾನೇನು ನಿನ್ನೆ ಹುಟ್ಟಿದವನಾ?"

ಮರುದಿನ ಬೆಳಿಗ್ಗೆ ಸಹಿ ಹಾಕುವಾಗ ಸಾಹೇಬರ ಹೆಬ್ಬೆರಳು ನೋಡಿದಳು. ಅದೂ ನೀಲಿ. ಬುಟ್ಟಿಗೆ ಹಾಕಿದ ಹಾಳೆಗಳು ಅವರ ಕೈ ಸೇರುತ್ತಿದ್ದವು. ಕ್ವಾರ್ಟರ್ಸಿನವರ ಅನುಮಾನ ಸುಳ್ಳಾಗಿರಲಿಲ್ಲ. ಅವರು ಹೇಳಿದ ಕೆಲಸವನ್ನು ಅವಳು ತನಗೇ ಗೊತ್ತಿಲ್ಲದಂತೆ, ಎರಡೂ ಕಡೆಗೆ, ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದಳು.

ಬಾಯಿ ಬಿಟ್ಟರೆ ಕೆಲಸ, ಮನೆ ಎರಡಕ್ಕೂ ಸಂಚಕಾರ. ಬಿಡದಿದ್ದರೆ ಊರಿಗೆ ನೀರಿಲ್ಲ, ಒಂಟಿ ಪಾಳಿಯೂ ತಪ್ಪುವುದಿಲ್ಲ. ನಾಲ್ಕು ದಿನ ಇದನ್ನೇ ತೂಗಿ ನೋಡಿದಳು. ಐದನೆಯ ದಿನದ ಸಭೆಯಲ್ಲಿ "ಬರ್ಕೊಳ್ಳಮ್ಮ" ಎಂದು ಸಾಹೇಬರು ಶುರುಮಾಡುತ್ತಲೇ ನೋಟ್‌ಬುಕ್ಕು ಮುಚ್ಚಿ, ಕಾರ್ಬನ್ ಹಾಳೆಯನ್ನು ಮೇಜಿನ ನಟ್ಟನಡುವೆ ಇಟ್ಟಳು.

"ಸಾರ್, ಕೆಳಗಿನರ್ಧ ನೀವು ಓದಿದ್ದೀರಿ. ಮೇಲಿನರ್ಧ ಇವನು ಓದಿದ್ದಾನೆ. ಇಲ್ಲ ಅನ್ನೋರು ಹೆಬ್ಬೆರಳು ತೋರಿಸಿ."

ಇಬ್ಬರ ಕೈಯೂ ಮೇಜಿನ ಕೆಳಗೆ ಹೋಯಿತು.

"ಎರಡರಲ್ಲೂ ಒಂದೇ ಇದೆ. ರಾತ್ರಿ ಪಾಳಿಗೆ ಇಬ್ಬರು ಸಿಕ್ಕರೆ ಸಾಕು ಅಂತ ಅವರು, ಅಷ್ಟು ಕೊಡಬಹುದು ಅಂತ ನೀವು."

"ನಮ್ಮನ್ನ ದಾರಿ ತಪ್ಪಿಸೋಕೆ ಇವರು ಬರೆಸಿದ್ದು ಅದು" ಎಂದರು ಸಾಹೇಬರು ಗೋಡೆ ನೋಡುತ್ತ.

"ನನಗೆ ಹೇಳ್ಬೇಡಿ ಸಾರ್, ಅವರಿಗೆ ಹೇಳಿ. ಅವರು ಹೇಳಿದ್ದನ್ನ ಮೊದಲು ನೀವು ತಿರುಗಿ ಹೇಳ್ಬೇಕು. ಅವರು 'ಹೌದು, ಅದೇ' ಅಂದ ಮೇಲೇನೇ ನಾನು ಬರ್ಕೊಳ್ಳೋದು. ಅಣ್ಣಾ, ನಿನಗೂ ಅಷ್ಟೇ."

ಮೊದಲ ಸಲ ಇಬ್ಬರೂ ತಪ್ಪು ಹೇಳಿದರು. ಮೂರು ತಿಂಗಳು ವಾದಿಸಿದವರಿಗೆ ಎದುರಿನವನ ಮಾತು ನೆಟ್ಟಗೆ ಬರುತ್ತಿರಲಿಲ್ಲ. ನಾಲ್ಕನೆಯ ಸಲಕ್ಕೆ "ಹೌದು, ಅದೇ" ಎಂಬ ಮಾತು ಬಂತು. ಮಧ್ಯಾಹ್ನದೊಳಗೆ ಒಪ್ಪಂದವಾಯಿತು.

ಕೊನೆಯ ಅಂಶಕ್ಕೆ ಮಾತ್ರ ತಕರಾರೇ ಬರಲಿಲ್ಲ. ಇನ್ನು ಮುಂದೆ ಈಕೆ ಮಾತುಕತೆಯ ಕೋಣೆಯಲ್ಲಿ ಇರಕೂಡದು ಎಂದರು ಸಾಹೇಬರು. ಸಂಘದವರು ಒಂದೇ ಉಸಿರಿಗೆ ಒಪ್ಪಿದರು. ಅಣ್ಣ ತಲೆ ತಗ್ಗಿಸಿ ಸಹಿ ಹಾಕಿದ. ಅದನ್ನೂ ಗೀಚಕ್ಕನೇ ಬರೆದುಕೊಂಡಳು, ಅಕ್ಷರ ಬಿಡದೆ.

ಕಚೇರಿಯ ಹಾಳೆ ಮನೆಗೊಯ್ದ ತಪ್ಪಿಗೆ ಅವಳನ್ನು ಊರಾಚೆಯ ಮೀಟರ್ ಗೋದಾಮಿಗೆ ಹಾಕಿದರು. ಕ್ವಾರ್ಟರ್ಸು ತಿಂಗಳೊಳಗೆ ಖಾಲಿಯಾಗಬೇಕಿತ್ತು.

ಹೊರಡುವ ದಿನ ಅಣ್ಣ ಕೈಗಾಡಿ ತಂದ. ಪೆಟ್ಟಿಗೆಗಳನ್ನೆಲ್ಲ ಏರಿಸಿ, ಬರಿದಾದ ಕೋಣೆಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಒಂದು ಮಾತು ಕೇಳ್ಲಾ? ಆ ಹಾಳೆನ ನೀನು ಬೇಕಂತಲೇ ನನ್ನ ಕಣ್ಣಿಗೆ ಬೀಳೋ ಹಾಗೆ ಇಡ್ತಿದ್ದೆ, ಅಲ್ವಾ?"

ಗೀಚಕ್ಕ ಅವನನ್ನೇ ನೋಡಿದಳು. "ಇಲ್ಲ. ಉಳೀಲಿ ಅಂತ ಇಟ್ಟೆ, ಅಷ್ಟೇ. ಈಗ ನಾನೇನಂದೆ, ನೀನು ಹೇಳು."

"ಉಳೀಲಿ ಅಂತ ಇಟ್ಟೆ ಅಂದೆ."

"ಹೌದು, ಅದೇ."

ಅವನು ನಂಬಿದನೋ ಇಲ್ಲವೋ, ಅವಳು ಕೇಳಲಿಲ್ಲ. ಟೈಪ್‌ರೈಟರನ್ನು ತಾನೇ ಎತ್ತಿಕೊಂಡು ಬಾಗಿಲೆಳೆದಳು. ಮೆಟ್ಟಿಲಿಳಿಯುವಾಗ ಕೆಳಗೆ ನಲ್ಲಿಯ ಹತ್ತಿರ ಯಾರೋ ತಟ್ಟನೆ ಬೀನ್ಸಿನ ಬೆಲೆ ಕೇಳಿದರು.